ಸೋತ ತಂಡಕ್ಕೊಂದು ಶಾಲು

ಸೋತು ಸುಣ್ಣವಾದ ತಂಡಕ್ಕೆ ಶಾಲು ಹೊದಿಸಿ, ಪೇಟ ಇಟ್ಟು, ಹಣ್ಣಿನ ಬುಟ್ಟಿ ಕೊಟ್ಟು ಸನ್ಮಾನ ಮಾಡುವುದನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡಿದ್ದಷ್ಟೇ ಅಲ್ಲ, ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತು, ತಲೆ ಬಗ್ಗಿಸಿ ಹಾಕಿಸಿಕೊಂಡಿದ್ದೇನೆ. ಆ ಶಾಲು ಈಗಲೂ ಯಡಿಯೂರಿನ ನಮ್ಮ ಮನೆಯ ಬೀರುವಿನಲ್ಲಿ ನುಸಿಗುಳಿಗೆಯ ಜೊತೆ ಮಡಿಸಿಕೊಂಡು ಕೂತಿದೆ. ಬೀರು ತೆಗೆದಾಗೆಲ್ಲ ಅದನ್ನು ಸೀರೆಗಳ ಹಿಂದಕ್ಕೆ ತಳ್ಳುತ್ತೇನೆ. ಬಿಸಾಕೋಣ ಎಂದು ಅಮ್ಮನಿಗೆ ಹೇಳಿದರೆ, "ಜರಿ ಶಾಲು ಕಣೇ, ಬಿಸಾಕಕ್ಕಾಗುತ್ತಾ?" ಅನ್ನುತ್ತಾಳೆ.

ನಾನು ಜಯನಗರದ ಒಂದು ಶಾಲೆಯಲ್ಲಿ ಪಿ.ಟಿ. ಟೀಚರ್. ಹರೆಯದಲ್ಲಿ ಹದಿನಾಲ್ಕು ವರ್ಷ ಫುಟ್‌ಬಾಲ್ ಆಡಿದವಳು, ಅದೂ ಹಿಂದಿನ ಸಾಲಿನಲ್ಲಿ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ. ರಾಜ್ಯದ ಪರವಾಗಿ ಆಡಿದ್ದಕ್ಕೆ ಒಂದು ಸರ್ಟಿಫಿಕೇಟ್ ಇದೆ. ಅದನ್ನು ಕೊಟ್ಟ ದೊಡ್ಡ ಮನುಷ್ಯರು ಕೊಡುವಾಗ ಫೋನಿನಲ್ಲಿ ಮಾತಾಡುತ್ತಿದ್ದರು, ನನ್ನ ಮುಖ ಕೂಡ ನೋಡಲಿಲ್ಲ. ಅಷ್ಟೇ ನನ್ನ ಆಟದ ಚರಿತ್ರೆ. ಹಾಗಾಗಿ ನಮ್ಮ ಕಡೆಯ ಒಂದು ಕ್ಲಬ್ಬು ಮಹಿಳೆಯರ ರಾಷ್ಟ್ರೀಯ ಲೀಗಿಗೆ ಹೇಗೋ ಏರಿ, "ಮ್ಯಾನೇಜರ್ ಆಗಿ ಬನ್ನಿ ಮೇಡಂ" ಎಂದು ಕರೆದಾಗ, ಶಾಲೆಗೆ ಒಂದು ಸೀಸನ್ನಿನ ರಜೆ ಬರೆದುಕೊಟ್ಟು ಓಡಿದೆ.

ಮ್ಯಾನೇಜರ್ ಅಂದರೆ ದೊಡ್ಡ ಹುದ್ದೆ ಅಂದುಕೊಳ್ಳಬೇಡಿ. ನೀರಿನ ಕ್ಯಾನು ಹೊರುವುದು, ರೆಫರಿಯ ಮುಂದೆ ಆಟಗಾರ್ತಿಯರ ಪಟ್ಟಿ ಹಿಡಿದುಕೊಂಡು ನಿಲ್ಲುವುದು, ಬಿಟಿಎಂ ಲೇಔಟಿನ ಪಿ.ಜಿ.ಯಲ್ಲಿ ಇಳಿಸಿದ್ದ ಹೊರಗಿನ ಹುಡುಗಿಯರ ಪರವಾಗಿ ಪಿ.ಜಿ. ಆಂಟಿಯಿಂದ ಬೈಸಿಕೊಳ್ಳುವುದು. ಒಂದು ದಿನ ಆ ಆಂಟಿ ಮೊಟ್ಟೆಯ ಸಿಪ್ಪೆಯನ್ನು ಕವರಿನಲ್ಲಿ ಹಾಕಿಕೊಂಡು ಬಂದು ನನ್ನ ಮೂಗಿನ ಮುಂದೆ ಅಲ್ಲಾಡಿಸಿದಳು. ಹುಡುಗಿಯರು ನೀರು ಕಾಯಿಸುವ ಕೆಟಲ್ಲಿನಲ್ಲಿ ಮೊಟ್ಟೆ ಬೇಯಿಸಿಕೊಂಡಿದ್ದರಂತೆ. ದಿನಕ್ಕೆ ಎರಡು ಹೊತ್ತು ಓಡುವ ಮಕ್ಕಳಿಗೆ ಬೆಳಿಗ್ಗೆ ಉಪ್ಪಿಟ್ಟು, ರಾತ್ರಿ ನೀರು ಸಾರು ಹಾಕಿದರೆ ಇನ್ನೇನು ಮಾಡುತ್ತಾರೆ? ಕೋಚ್ ಎಂದು ಕಾಗದದ ಮೇಲೆ ಒಬ್ಬರಿದ್ದರು. ಮ್ಯಾಚಿನ ದಿನ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಬಂದು ಕೈ ಕಟ್ಟಿ ನಿಲ್ಲುತ್ತಿದ್ದರು. ಉಳಿದ ದಿನ ಅಭ್ಯಾಸ ಮಾಡಿಸುವುದೂ ನನ್ನ ತಲೆಗೇ ಬಂತು.

ಕ್ಲಬ್ಬಿನ ಅಧ್ಯಕ್ಷರು ಬನಶಂಕರಿ ಕಡೆಯ ಹಳೇ ಊರಿನ ಮನೆತನದವರು. ಹೊಲಗಳು ಲೇಔಟಾಗಿ, ಲೇಔಟಿನಲ್ಲಿ ಉಳಿದದ್ದು ಬಾಡಿಗೆ ಮನೆಗಳಾಗಿ, ಈಗ ಬಿಳಿ ಪಂಚೆ, ಬಿಳಿ ಕಾರು, ಕಾರಿನ ಹಿಂದೆ ನಾಲ್ಕು ಜನ. ನಾವು ಅಭ್ಯಾಸ ಮಾಡುತ್ತಿದ್ದ ಮೈದಾನ ಒಂದು ಕಾಲಕ್ಕೆ ಅವರ ತಾತನ ರಾಗಿ ಹೊಲ. ಸರ್ಕಾರ ಅದನ್ನು ತೆಗೆದುಕೊಂಡು, ಸುತ್ತ ಬೇಲಿ ಹಾಕಿ, ಆಟದ ಮೈದಾನ ಎಂದು ಬೋರ್ಡು ನೆಟ್ಟು ಎಷ್ಟೋ ಕಾಲವಾಗಿದೆ. ಅವರ ತಲೆಯಲ್ಲಿ ಮಾತ್ರ ಅದು ಇನ್ನೂ ಅವರದೇ. "ಇದು ನಮ್ ಹೊಲ ಮೇಡಂ. ನಮ್ ತಾತ ಇಲ್ಲೇ ಕುಂಟೆ ಹೊಡೀತಿದ್ರು" ಎಂದು ಸೆಂಟರ್ ಸರ್ಕಲ್ಲಿನಲ್ಲಿ ಕಾಲೂರಿ ಹೇಳುತ್ತಿದ್ದರು. ಹಾಗಾಗಿ ಯಾರು ಬಂದು ಕೇಳಿದರೂ, ಆರತಕ್ಷತೆ ಆಗಲಿ, ನಾಮಕರಣ ಆಗಲಿ, ಅಣ್ಣಮ್ಮ ದೇವಿಯನ್ನು ಕೂರಿಸುವುದಾಗಲಿ, ಪಕ್ಷದ ಸಭೆಯಾಗಲಿ, "ಹಾಕ್ಕೊಳ್ರಪ್ಪ ಶಾಮಿಯಾನ" ಎಂದುಬಿಡುತ್ತಿದ್ದರು. ಇಲ್ಲ ಅನ್ನುವುದು ಆ ಮನೆತನಕ್ಕೆ ಅವಮಾನವಂತೆ.

ಸೀಸನ್ನು ಶುರುವಾದದ್ದೇ ಅಸಹ್ಯದಿಂದ. ಜೆರ್ಸಿಗಳ ಕಟ್ಟು ಬಿಚ್ಚಿದರೆ ಎದೆಯ ಮೇಲೆ ಯಾವುದೋ ಪೈಪ್ ಅಂಗಡಿಯ ಹೆಸರು, ಬೆನ್ನ ಮೇಲೆ ನಂಬರು, ನಂಬರಿನ ಕೆಳಗೆ ಅಧ್ಯಕ್ಷರ ಮುಖ! ಕೈ ಮುಗಿದು ನಗುತ್ತಿದ್ದಾರೆ. ಹಣೆಯಲ್ಲಿ ಕುಂಕುಮ ಬೇರೆ. ಇಪ್ಪತ್ತು ಹುಡುಗಿಯರ ಬೆನ್ನ ಮೇಲೆ ಇಪ್ಪತ್ತು ಸಲ. ಮೊದಲ ಮ್ಯಾಚಿಗೆ ಬಂದ ಲೀಗಿನ ಅಧಿಕಾರಿ ಅದನ್ನು ಹಿಡಿದು ಹಿಂದೆ ಮುಂದೆ ನೋಡಿ, "ಯೇ ಕೌನ್ ಹೈ?" ಎಂದು ಕೇಳಿದ. ಈ ಮುಖ ಇಟ್ಟುಕೊಂಡು ಆಡಲು ಬಿಡುವುದಿಲ್ಲ ಅಂದ. ಮ್ಯಾಚು ಮಾರನೇ ದಿನ.

ಆಗ ಕೈ ಎತ್ತಿದವಳು ಏಳನೇ ನಂಬರಿನ ಹುಡುಗಿ. ಕತ್ರಿಗುಪ್ಪೆಯವಳು. ಅವಳ ಅಪ್ಪನದು ರಸ್ತೆ ಬದಿಯಲ್ಲಿ ಇಸ್ತ್ರಿ ಗಾಡಿ. "ಅಕ್ಕ, ಬಿಸಿ ಇಟ್ಟು ಕಿತ್ರೆ ಬಂದ್ಬಿಡುತ್ತೆ. ಅಪ್ಪನ ಗಾಡಿಗೆ ತಗೊಂಡ್ ಹೋಗೋಣ" ಅಂದಳು. ಹೋದೆವು. ಅವಳ ಅಪ್ಪ ತೆಳ್ಳಗಿನ, ಮಾತು ಕಡಿಮೆಯ ಮನುಷ್ಯ. ಪೇಪರ್ ಹಾಸಿ, ಕೆಂಡದ ಪೆಟ್ಟಿಗೆ ಒತ್ತಿ, ಅಂಚಿನಿಂದ ಎಬ್ಬಿಸಿ ಒಂದೊಂದೇ ಅಧ್ಯಕ್ಷರನ್ನು ಸುಲಿದು ಹಾಕಿದರು. ಗಾಡಿಯ ಕೆಳಗೆ ಅಧ್ಯಕ್ಷರು ರಾಶಿ ಬಿದ್ದಿದ್ದನ್ನು ನೋಡಿ ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಸೀಸನ್ನಿನಲ್ಲಿ ನಾನು ಮನಸ್ಸು ಬಿಚ್ಚಿ ನಕ್ಕಿದ್ದು ಅವತ್ತೊಂದೇ ದಿನ.

ಆಮೇಲೆ ಎಲ್ಲ ನಗೆಪಾಟಲೇ, ನಗು ಬರಲಿಲ್ಲ ಅಷ್ಟೇ. ಮೈದಾನದಲ್ಲಿ ಇದ್ದದ್ದು ಒಂದು ಶೌಚಾಲಯ, ಅದರ ಬೀಗದ ಕೈ ಒಬ್ಬನ ಜೇಬಿನಲ್ಲಿ. ಅವನು ಕಾಫಿಗೆ ಹೋದರೆ ಮಧ್ಯಾಹ್ನವೇ ವಾಪಸ್ಸು. ಹುಡುಗಿಯರು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು. ಬಿಸಿಲಿನಲ್ಲಿ ಓಡುವ ಮಕ್ಕಳು ಒಂದು ಬೀಗಕ್ಕೆ ಹೆದರಿ ನೀರು ಕುಡಿಯುವುದಿಲ್ಲ ಅಂದರೆ, ಥೂ, ಅದೂ ಒಂದು ರಾಷ್ಟ್ರೀಯ ಲೀಗು! ಬೇಲಿಯ ಹೊರಗೆ ಬೈಕಿನ ಮೇಲೆ ಕೂತ ಪಡ್ಡೆಗಳು, "ಮಗಾ, ಒಂಬತ್ತನೇ ನಂಬರ್ ನೋಡೋ, ಸಖತ್ತಾಗವ್ಳೆ" ಎಂದು ಹಲ್ಲು ಕಿರಿಯುತ್ತಿದ್ದರು. ಬೇಲಿಯ ಒಳಗೆ ವಾಕಿಂಗಿಗೆ ಬರುವ ಅಂಕಲ್‌ಗಳು, "ಹೆಣ್ ಮಕ್ಳು ಇಷ್ಟೊಂದು ಕೂಗಾಡಬಾರ್ದಮ್ಮ" ಎಂದು ಬುದ್ಧಿ ಹೇಳುತ್ತಿದ್ದರು. ಪಡ್ಡೆಗಳಿಗಿಂತ ಅಂಕಲ್‌ಗಳ ಮೇಲೆಯೇ ನನಗೆ ಹೆಚ್ಚು ಸಿಟ್ಟು ಬರುತ್ತಿತ್ತು. ಪಡ್ಡೆಗಳಾದರೂ ಆಟ ನೋಡುತ್ತಿದ್ದರು.

ಎಲ್ಲಕ್ಕಿಂತ ಅಸಹ್ಯ ಶಾಮಿಯಾನದ ಗುಂಡಿಗಳು. ಒಂದು ಆರತಕ್ಷತೆ ಮುಗಿದರೆ ಮೈದಾನದ ತುಂಬ ಕಂಬ ನೆಟ್ಟ ಗುಂಡಿ. ಕೆಲಸದವರು ಅದನ್ನು ಮಣ್ಣಿನಿಂದ ಮುಚ್ಚುವುದಿಲ್ಲ. ಮಣ್ಣು ತರುವವರು ಯಾರು? ಉಂಡ ಎಲೆ, ಪೇಪರ್ ಲೋಟ, ಬಾಡಿದ ಹಾರ, ಏನು ಕೈಗೆ ಸಿಗುತ್ತದೋ ಅದನ್ನು ತುರುಕಿ, ಮೇಲೆ ಎರಡು ಹಿಡಿ ಮಣ್ಣು ಉದುರಿಸಿ, ಕಾಲಿನಲ್ಲಿ ಸವರಿಬಿಡುತ್ತಾರೆ. ನೋಡಿದರೆ ನೆಲ ಸಮ. ಕಾಲಿಟ್ಟರೆ ಮೊಣಕಾಲಿನವರೆಗೆ ಎಂಜಲು.

ನಮ್ಮಪ್ಪ ಜಯನಗರದ ಒಂದು ಪಾರ್ಕಿನಲ್ಲಿ ಮಾಲಿಯಾಗಿದ್ದವರು. ಅವರು ಹೋದ ಮೇಲೆ ಅವರ ಹಾರೆ ನನ್ನ ಪಾಲಿಗೆ ಬಂದಿತ್ತು. ನೆಲವನ್ನು ಕಣ್ಣಲ್ಲಿ ನೋಡಿ ನಂಬಬಾರದು, ಕುಟ್ಟಿ ನೋಡಬೇಕು ಅನ್ನುತ್ತಿದ್ದರು. ಗಟ್ಟಿ ನೆಲವಾದರೆ ಹಾರೆ ಕೈಗೆ ಒದೆಯುತ್ತದೆ, ಟೊಳ್ಳಾದರೆ ಸುಮ್ಮನೆ ಒಳಗಿಳಿಯುತ್ತದೆ. ಪ್ರತಿ ಬೆಳಿಗ್ಗೆ ಹುಡುಗಿಯರು ಬರುವುದಕ್ಕೆ ಮುಂಚೆ ನಾನು ಆ ಹಾರೆ ಹಿಡಿದು ಮೈದಾನದ ಈ ತುದಿಯಿಂದ ಆ ತುದಿಗೆ ಉಳುವವಳ ಹಾಗೆ ಸಾಲು ಸಾಲಾಗಿ ಕುಟ್ಟುತ್ತ ನಡೆಯುತ್ತಿದ್ದೆ. ಟೊಳ್ಳು ಸಿಕ್ಕಿದಲ್ಲಿ ಎಂಜಲು ತೆಗೆದು ಬಕೆಟ್ಟಿನಿಂದ ಮಣ್ಣು ತುಂಬಿ ತುಳಿಯುತ್ತಿದ್ದೆ. ಕೈಯೆಲ್ಲ ಹಳಸಿದ ಸಾಂಬಾರಿನ ನಾತ. ಸೋಪು ಹಾಕಿದರೂ ಹೋಗುತ್ತಿರಲಿಲ್ಲ.

ಅದರಿಂದ ನಮ್ಮಲ್ಲಿ ಒಂದು ಕಟ್ಟುಪಾಡು ಬಂತು. "ನೋಡಾಯ್ತು!" ಎಂದು ನಾನು ಕೂಗುವವರೆಗೆ ಚೀಲದಿಂದ ಬಾಲ್ ಹೊರಗೆ ಬರಕೂಡದು. ಮಣಿಪುರದ ಗೋಲ್‌ಕೀಪರ್, ಜಾರ್ಖಂಡಿನ ಇಬ್ಬರು ಅಕ್ಕತಂಗಿಯರು, ಎಲ್ಲರೂ ಕಲಿತ ಮೊದಲ ಕನ್ನಡ ಮಾತು ಅದು. ನಾನು ಕೂಗಿದ ಕೂಡಲೇ ಅವರೂ "ನೋಡಾಯ್ತು, ನೋಡಾಯ್ತು" ಎಂದು ಕಿರುಚಿಕೊಂಡು ಒಳಗೆ ನುಗ್ಗುತ್ತಿದ್ದರು. ಏಳನೇ ನಂಬರಿನವಳು ಒಂದು ದಿನ ನನ್ನ ಹಾರೆಗೆ ಕೈ ಮುಗಿದು, "ಅಕ್ಕ ನೋಡಿದ್ ಗ್ರೌಂಡಲ್ಲಿ ನಾನು ಕಣ್ ಮುಚ್ಕೊಂಡ್ ಓಡ್ತೀನಿ" ಎಂದಿದ್ದಳು.

ಕಣ್ಣು ಮುಚ್ಚಿಕೊಂಡೇ ಓಡುವವಳು ಅವಳು. ಬಲಗಡೆಯ ಗೆರೆಯ ಮೇಲೆ ಬಾಲ್ ಸಿಕ್ಕಿದರೆ ಎದುರಿನವರು ತಿರುಗಿ ನೋಡುವಷ್ಟರಲ್ಲಿ ಮೂಲೆ ಮುಟ್ಟಿರುತ್ತಿದ್ದಳು. ನಾವು ಆ ಸೀಸನ್ನಿನಲ್ಲಿ ಹೊಡೆದ ಗೋಲುಗಳೇ ಬೆರಳೆಣಿಕೆ, ಅದರಲ್ಲಿ ಹೆಚ್ಚಿನವು ಅವಳವೇ. ಉಳಿದಂತೆ ಸೋತೆವು. ನಮ್ಮೂರಲ್ಲೇ ಸೋತೆವು, ಊರಾಚೆ ಹೋಗಿ ಸೋತೆವು, ಎರಡು ದಿನ ರೈಲಿನಲ್ಲಿ ಕೂತು ಹೋಗಿ ಕಾಲು ಊದಿಸಿಕೊಂಡು ಸೋತೆವು. ಒಂದು ಮ್ಯಾಚು ಬಾಕಿ ಇರುವಾಗಲೇ ನಾವು ಪಟ್ಟಿಯ ತಳದಲ್ಲಿ ಗಟ್ಟಿಯಾಗಿ ಕೂತಿದ್ದೆವು. ಗೆದ್ದರೂ ಲೀಗಿನಿಂದ ಕೆಳಗೆ ಇಳಿಯುವುದೇ ಎಂದು ತೀರ್ಮಾನವಾಗಿತ್ತು.

ಅಂಥ ಹೊತ್ತಿನಲ್ಲಿ ನನಗೆ ಒಂದು ಫೋನು ಬಂತು. ಇಪ್ಪತ್ತರ ಒಳಗಿನ ಹುಡುಗಿಯರ ರಾಷ್ಟ್ರೀಯ ಶಿಬಿರಕ್ಕೆ ಆಟಗಾರ್ತಿಯರನ್ನು ಆರಿಸುವ ಮೇಡಂ. ನಮ್ಮ ಕೊನೆಯ ಮ್ಯಾಚಿಗೆ ಬರುತ್ತಾರಂತೆ. ಏಳನೇ ನಂಬರನ್ನು ಕಣ್ಣಾರೆ ನೋಡಬೇಕಂತೆ, ಇನ್ನೊಂದೇ ಜಾಗ ಉಳಿದಿದೆಯಂತೆ. ಹುಡುಗಿಗೆ ಹೇಳಿದೆ. ಅವಳು ಕುಣಿಯಲಿಲ್ಲ. "ಅಕ್ಕ, ಮುಂದಿನ್ ವರ್ಷ ನಂಗೆ ವಯಸ್ಸು ದಾಟೋಗುತ್ತೆ" ಎಂದಳು. ಗೊತ್ತಿತ್ತು ನನಗೂ. ಈ ಒಂದು ಮ್ಯಾಚು, ಸೋಮವಾರ ಮಧ್ಯಾಹ್ನದ ತೊಂಬತ್ತು ನಿಮಿಷ, ಅಷ್ಟೇ ಅವಳಿಗೆ ಇದ್ದದ್ದು. ತಂಡ ಮುಳುಗಿದರೆ ಮುಳುಗಲಿ, ಇವಳೊಬ್ಬಳನ್ನು ದಡ ಮುಟ್ಟಿಸಿದರೆ ಸಾಕು ಎಂದು ಮನಸ್ಸಿನಲ್ಲೇ ಹರಕೆ ಕಟ್ಟಿಕೊಂಡೆ.

ಆ ವಾರವೇ ಅಧ್ಯಕ್ಷರಿಗೆ ಸನ್ಮಾನದ ಹುಚ್ಚು ಹಿಡಿಯಿತು. ಶನಿವಾರ ಸಂಜೆ ಮೈದಾನದಲ್ಲಿ ದೊಡ್ಡ ಶಾಮಿಯಾನ ಹಾಕಿಸಿ, "ಮಹಿಳಾ ಕ್ರೀಡಾ ಸಾಧಕಿಯರಿಗೆ ಸನ್ಮಾನ" ಎಂದು ಫ್ಲೆಕ್ಸ್ ಕಟ್ಟಿಸಿ, ಏರಿಯಾದ ದೊಡ್ಡವರನ್ನೆಲ್ಲ ಕರೆಯುವುದಂತೆ. ಅವರಿಗೆ ಚುನಾವಣೆಗೆ ನಿಲ್ಲುವ ಆಸೆ ಇತ್ತು, ಅದು ಊರಿಗೇ ಗೊತ್ತಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು! ನಾನು ಅವರ ಆಫೀಸಿಗೆ ಹೋಗಿ ಎಗರಾಡಿದೆ.

"ಸಾರ್, ಸೋಮವಾರ ಮ್ಯಾಚಿದೆ. ಭಾನುವಾರ ಪ್ರಾಕ್ಟೀಸ್ ಮಾಡ್ಬೇಕು. ಇವಾಗ್ ಗ್ರೌಂಡ್ ಅಗೀಬೇಡಿ. ಅಷ್ಟಕ್ಕೂ ನಾವ್ ಗೆದ್ದಿರೋದಾದ್ರೂ ಏನ್ ಸಾರ್?"

"ಸೋಲು ಗೆಲುವು ಮ್ಯಾಚಲ್ಲಿ ಇರುತ್ತೆ ಮೇಡಂ. ಸನ್ಮಾನದಲ್ಲಿ ಎಲ್ಲಿರುತ್ತೆ?" ಎಂದು ನಕ್ಕು, ಮೇಜಿನ ಮೇಲಿದ್ದ ಆಹ್ವಾನ ಪತ್ರಿಕೆ ನನ್ನ ಕಡೆ ತಳ್ಳಿದರು. "ಮೊದಲನೇ ಹೆಸರು ಯಾರ್ದು ನೋಡಿ."

ನನ್ನದು. 'ಹಿರಿಯ ಆಟಗಾರ್ತಿ, ನಾಡಿನ ಹೆಮ್ಮೆ' ಎಂದು ದಪ್ಪ ಅಕ್ಷರದಲ್ಲಿ ಹಾಕಿಸಿದ್ದರು. "ನಿಮ್ ತಾಯಿನೂ ಕರ್ಕೊಂಡ್ ಬನ್ನಿ. ಸ್ಟೇಜ್ ಮೇಲೆ ನಿಮ್ ಪಕ್ಕದಲ್ಲೇ ಕೂರಿಸ್ತೀವಿ" ಅಂದರು.

ಮೂಗಿಗೆ ತುಪ್ಪ ಸವರಿದರೆ ಕೆರಳುವವರನ್ನು ನೋಡಿದ್ದೇನೆ. ನಾನು ಕೆರಳಲಿಲ್ಲ, ನೆಕ್ಕಿದೆ. "ಗುಂಡಿ ಸರ್ಯಾಗಿ ಮುಚ್ಚಿಸ್ಬೇಕು ಸಾರ್" ಎಂದು ಏನೋ ಒಂದು ಗೊಣಗಿ, ಪತ್ರಿಕೆಯನ್ನು ಬ್ಯಾಗಿನಲ್ಲಿ ಮಡಿಕೆ ಬೀಳದ ಹಾಗೆ ಇಟ್ಟುಕೊಂಡು ಎದ್ದು ಬಂದೆ. ದಾರಿಯಲ್ಲಿ ಎರಡು ಸಲ ತೆಗೆದು ನೋಡಿದೆ.

ಶನಿವಾರ ಸಂಜೆ ನಾನು ಉಟ್ಟದ್ದು ಅಮ್ಮನ ಮದುವೆಯ ರೇಷ್ಮೆ ಸೀರೆ. ಅದನ್ನು ಇಸ್ತ್ರಿ ಮಾಡಿಕೊಟ್ಟವರು ಆ ಹುಡುಗಿಯ ಅಪ್ಪ. ಸೆರಗಿನ ಮೇಲೆ ಬಿಳಿ ಬಟ್ಟೆ ಹಾಸಿ, ನಿಧಾನವಾಗಿ ಒತ್ತಿ, "ಮೇಡಂಗೆ ಸನ್ಮಾನ ಅಂದ್ರೆ ನಮ್ಗೂ ಆದಂಗೇ" ಅಂದರು. ಕಾರ್ಯಕ್ರಮದಲ್ಲಿ ಅವರು ಹಿಂದೆ, ಕುರ್ಚಿಗಳ ಸಾಲು ಮುಗಿಯುವ ಜಾಗದಲ್ಲಿ ನಿಂತಿದ್ದರು. ಹುಡುಗಿಯರನ್ನು ಆರತಿ ತಟ್ಟೆ ಹಿಡಿಸಿ ಬಾಗಿಲಲ್ಲಿ ನಿಲ್ಲಿಸಿದ್ದರು. ಮುಖ್ಯ ಅತಿಥಿ ಬರುವುದು ತಡವಾಗಿ, ತಟ್ಟೆಯ ಕುಂಕುಮ ನೀರು ಒಣಗಿ, ಗೋಲ್‌ಕೀಪರ್ ಹುಡುಗಿ ಕಾಲು ಬದಲಿಸಿ ಬದಲಿಸಿ ನಿಲ್ಲುತ್ತಿದ್ದಳು. ಬಂದ ಅತಿಥಿ ಮೈಕ್ ಹಿಡಿದು, "ನಮ್ ಹೆಣ್ ಮಕ್ಳು ಕ್ರಿಕೆಟ್‌ನಲ್ಲಿ ಇಷ್ಟೊಂದ್ ಸಾಧನೆ ಮಾಡಿರೋದು" ಎಂದು ಶುರುಮಾಡಿದರು. ಯಾರೂ ತಿದ್ದಲಿಲ್ಲ. ನಾನೂ ತಿದ್ದಲಿಲ್ಲ. ನನ್ನ ತಲೆಯ ಮೇಲೆ ಪೇಟ ಇತ್ತು, ಅಮ್ಮ ಪಕ್ಕದಲ್ಲಿ ಕೂತು ಕಣ್ಣು ಒರೆಸಿಕೊಳ್ಳುತ್ತಿದ್ದಳು. ಶಾಲು ಹೊದಿಸುವಾಗ ಅತಿಥಿ ನನ್ನ ಮುಖ ನೋಡಿ ನಕ್ಕರು. ನನಗೆ ಅದೇ ದೊಡ್ಡದಾಗಿ ಕಂಡಿತು.

ಕಾರ್ಯಕ್ರಮ ಮುಗಿದು ಹೊರಡುವಾಗ ಶಾಮಿಯಾನದವನು ಹಗ್ಗ ಬಿಚ್ಚುತ್ತ ಕೂಗಿ ಹೇಳಿದ: "ಅಕ್ಕ, ಕಂಬ ಎಲ್ಲ ಕಿತ್ತು ಮುಚ್ಚಿರ್ತೀವಿ. ಬೆಳಿಗ್ಗೆ ಒಂದ್ ಸಲ ನೋಡ್ಕೊಳ್ಳಿ." ನಾನು ಪೇಟ ಬೀಳದ ಹಾಗೆ ಹಿಡಿದುಕೊಂಡು ತಲೆ ಆಡಿಸಿದೆ.

ಭಾನುವಾರ ಬೆಳಿಗ್ಗೆ ಅಭ್ಯಾಸ ಏಳಕ್ಕೆ. ನಾನು ಆರಕ್ಕೆಲ್ಲ ಹಾರೆ ಹಿಡಿದು ಅಲ್ಲಿರಬೇಕಿತ್ತು. ಹೊರಡಲು ಚಪ್ಪಲಿ ಮೆಟ್ಟುವಷ್ಟರಲ್ಲಿ, ನಾನು ಮನೆ ಬಿಡುವ ಮುಂಚೆ ಹಿಡಿಯಬೇಕೆಂದು ಅಷ್ಟು ಬೇಗ ಎದ್ದು ಪಕ್ಕದ ಮನೆಯ ಆಂಟಿ ಬಂದರು. ಚಿಕ್ಕವಳಿದ್ದಾಗ ನಾನು ಚಡ್ಡಿ ಹಾಕಿಕೊಂಡು ಹೊರಟರೆ, "ಮಾಲಿ ಮಗಳಿಗೆ ನಾಚಿಕೆ ಅನ್ನೋದೇ ಇಲ್ಲ" ಎಂದು ಬೀದಿಗೆ ಕೇಳಿಸುವ ಹಾಗೆ ಅಂದವರು ಅವರೇ. ಈಗ ಮೈಸೂರು ಪಾಕ್ ಡಬ್ಬಿ ಹಿಡಿದು, "ಎಲ್ಲಿ, ಆ ಶಾಲು ತೋರಿಸಮ್ಮ, ಫೋಟೋ ತೋರಿಸು" ಎಂದು ಸೋಫಾದ ಮೇಲೆ ಕೂತರು. ಅವರ ಹಿಂದೆ ಇನ್ನಿಬ್ಬರು. ಅಮ್ಮ, "ಒಂದೈದ್ ನಿಮಿಷ ಇರೇ, ಕಾಫಿ ಆಯ್ತು" ಅಂದಳು. ಇದ್ದೆ. ಅಮ್ಮನಿಗಾಗಿ ಇದ್ದೆ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ಆ ಆಂಟಿಯ ಬಾಯಿಂದ ಇನ್ನೊಂದು ಒಳ್ಳೆಯ ಮಾತು ಬೀಳಲಿ ಎಂದು ಕಾದು ಇದ್ದೆ.

ಏಳೂ ಕಾಲಿಗೆ ಫೋನು. ಏಳನೇ ನಂಬರಿನವಳು.

"ಅಕ್ಕ, ಎಲ್ರೂ ಬಂದಿದೀವಿ. ನೋಡಾಯ್ತಾ? ಬಾಲ್ ತೆಗೀಲಾ?"

ಆಂಟಿ ಆಗ ಶಾಲಿನ ಜರಿಯನ್ನು ಬೆರಳಲ್ಲಿ ತಿಕ್ಕಿ ನೋಡುತ್ತಿದ್ದರು. ಫೋನಿನಲ್ಲಿ ನಾನು ಹೇಳಿದೆ: "ನೋಡಾಯ್ತು. ಶುರು ಮಾಡಿ, ಬಂದೆ."

ಫೋನ್ ಇಡುವ ಮುಂಚೆ ಹುಡುಗಿಯರು "ನೋಡಾಯ್ತು, ನೋಡಾಯ್ತು" ಎಂದು ಕಿರುಚುತ್ತ ಒಳಗೆ ಓಡಿದ್ದು ಕೇಳಿಸಿತು.

ನಾನು ಆಟೋ ಇಳಿಯುವಾಗ ಬೇಲಿಯ ಹತ್ತಿರ ಗುಂಪು. ಬಲಗಡೆಯ ಗೆರೆಯ ಮೇಲೆ, ಅವಳು ದಿನಾ ಓಡುವ ಜಾಗದಲ್ಲೇ, ವೇದಿಕೆಯ ಮೂಲೆಯ ಕಂಬ ನೆಟ್ಟಿದ್ದರು. ಅವಳ ಕಾಲು ಮೊಣಕಾಲಿನ ಕೆಳಗಿನವರೆಗೆ ಆ ಕಂಬ ಕಿತ್ತ ಗುಂಡಿಯಲ್ಲಿ ಇಳಿದಿತ್ತು. ಓಟದ ವೇಗಕ್ಕೆ ಮೈ ಮುಂದೆ ಹೋಗಿದೆ, ಪಾದ ಅಲ್ಲೇ ಉಳಿದಿದೆ. ಗೋಲ್‌ಕೀಪರ್ ಹುಡುಗಿ ಕೈಯಿಂದ ಗುಂಡಿ ಅಗೆದು ಕಾಲು ಬಿಡಿಸುತ್ತಿದ್ದಳು. ಕೇಸರಿಬಾತ್ ಅಂಟಿದ ಅಡಿಕೆ ಹಾಳೆ ತಟ್ಟೆಗಳು, ನಿನ್ನೆ ನನ್ನ ಕೊರಳಿಗೆ ಹಾಕಿದಂಥದೇ ಸೇವಂತಿಗೆ ಹಾರದ ತುಂಡು, ಎಲ್ಲ ಒಂದೊಂದಾಗಿ ಹೊರಗೆ ಬಂತು. ಹುಡುಗಿ ಅಳುತ್ತಿರಲಿಲ್ಲ. ತುಟಿ ಕಚ್ಚಿಕೊಂಡು, "ನಾಳೆ ಆಡ್ಬೋದಲ್ವಾ ಅಕ್ಕ? ಐಸ್ ಇಟ್ರೆ ಹೋಗುತ್ತಲ್ವಾ?" ಎಂದು ಅದೊಂದನ್ನೇ ಕೇಳುತ್ತಿದ್ದಳು. ಪಾದ ಆಗಲೇ ಸೊಟ್ಟಗೆ ತಿರುಗಿ ಕುಂಬಳಕಾಯಿಯಷ್ಟು ಊದಿತ್ತು. ಆಸ್ಪತ್ರೆಯಲ್ಲಿ ಲಿಗಮೆಂಟ್ ಹರಿದಿದೆ ಎಂದು ಹೇಳಿ ಪ್ಲಾಸ್ಟರ್ ಹಾಕಿದರು.

ಸೋಮವಾರ ಶಿಬಿರದ ಮೇಡಂ ಹೇಳಿದ ಸಮಯಕ್ಕೆ ಸರಿಯಾಗಿ ಬಂದರು. ನೋಟ್‌ಬುಕ್ ತೆಗೆದು, ಮೈದಾನದ ಕಡೆ ಕಣ್ಣಾಡಿಸಿ, ಏಳನೇ ನಂಬರ್ ಎಲ್ಲಿ ಎಂದು ಹಿಂದಿಯಲ್ಲಿ ಕೇಳಿದರು. ನಿನ್ನೆ ಅಭ್ಯಾಸದಲ್ಲಿ ಪೆಟ್ಟಾಯಿತು ಎಂದೆ. ಹೇಗೆ ಎಂದು ಕೇಳಿದರು. ಮೈದಾನದಲ್ಲಿ ಗುಂಡಿ ಇತ್ತು ಎಂದೆ. "ಮೈದಾನವನ್ನು ಯಾರೂ ನೋಡುವುದಿಲ್ಲವಾ?" ಅಂದರು. ನಾನು ನಮ್ಮ ಅಧ್ಯಕ್ಷರು, ಅವರ ಶಾಮಿಯಾನ, ನಮ್ಮ ವ್ಯವಸ್ಥೆ ಎಂದು ಉದ್ದಕ್ಕೆ ಶುರುಮಾಡಿದೆ. ಅವರು ಅರ್ಧಕ್ಕೇ ಪುಟ ತಿರುಗಿಸಿದರು. ನಾವು ಮೂರು ಗೋಲಿನಿಂದ ಸೋತೆವು. ಕೈಗೆ ಬಂದ ತುತ್ತು ಆ ಹುಡುಗಿಯ ಬಾಯಿಗೆ ಬರಲಿಲ್ಲ.

ಮಂಗಳವಾರ ನಾನು ಅಧ್ಯಕ್ಷರ ಆಫೀಸಿಗೆ ನುಗ್ಗಿ, ಹತ್ತು ಜನರ ಎದುರಿಗೆ ಅವರ ಮಾನ ಹರಾಜು ಹಾಕಿದೆ. "ನಿಮ್ ತಾತನ್ ಹೊಲ ಅಂತ ಎಂಜಲೆಲ್ಲ ಹೂತಿಡ್ತೀರಲ್ಲ, ಒಂದ್ ಹುಡುಗಿ ಕಾಲು ಹೂತ್ರಿ. ನಾಚಿಕೆ ಆಗಲ್ವಾ ನಿಮ್ಗೆ?" ಎಂದೆ. ಅಲ್ಲೇ ಇದ್ದ ಶಾಮಿಯಾನದವನು ಮೆಲ್ಲಗೆ ಬಾಯಿ ಬಿಟ್ಟ: "ಅಕ್ಕ, ಬೆಳಿಗ್ಗೆ ನೋಡ್ಕೊಳ್ಳಿ ಅಂತ ನಿಮ್ಗೇ ಹೇಳಿದ್ನಲ್ಲ..." ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಹೆಗಲು ಮುಟ್ಟಿಕೊಳ್ಳಲಿಲ್ಲ, ಅವನ ಮೇಲೇ ಎಗರಿದೆ. "ನೀನು ಸರ್ಯಾಗ್ ಮುಚ್ಚಿದ್ರೆ ನಾನ್ಯಾಕಯ್ಯ ನೋಡ್ಬೇಕು?" ಎಂದು ಬಾಯಿ ಮುಚ್ಚಿಸಿದೆ. ರಾಜೀನಾಮೆ ಬರೆದು ಮೇಜಿನ ಮೇಲೆ ಬಿಸಾಕಿ ಬಂದೆ. "ಮೇಡಂ ಹುಡ್ಗೀರ್ ಪರ ನಿಂತ್ರು" ಎಂದು ಏರಿಯಾದಲ್ಲಿ ಹೆಸರಾಯಿತು. ಇವತ್ತಿಗೂ ಹಾಗೇ ಅನ್ನುತ್ತಾರೆ. ಛೀ, ಕೇಳಿದರೆ ಮೈ ಉರಿಯುತ್ತದೆ, ಆದರೂ ತಿದ್ದುವುದಿಲ್ಲ.

ಎರಡು ವಾರ ಬಿಟ್ಟು ಕತ್ರಿಗುಪ್ಪೆಗೆ ಹೋದೆ. ಅವಳ ಅಪ್ಪ ಗಾಡಿಯಲ್ಲಿ ಯಾರದೋ ಶರ್ಟು ಒತ್ತುತ್ತಿದ್ದವರು ಪೆಟ್ಟಿಗೆ ಪಕ್ಕಕ್ಕಿಟ್ಟು ಬಂದು, ನನಗೆ ಕೂರಲು ಸ್ಟೂಲ್ ಒರೆಸಿಕೊಟ್ಟರು. ಅಧ್ಯಕ್ಷರಿಗೆ ನಾನು ಬೈದದ್ದು ಅವರಿಗೂ ಗೊತ್ತಾಗಿತ್ತು. "ನಮ್ ಪರ ಮಾತಾಡೋರು ಯಾರವ್ರೆ ಮೇಡಂ" ಎಂದು ಕೈ ಮುಗಿದರು. ಆ ಕೈಯನ್ನು ನನ್ನಿಂದ ನೋಡಲಾಗಲಿಲ್ಲ. ಗಾಡಿಯ ಹಿಂದೆಯೇ ಅವರ ಮನೆ, ಒಳಗೆ ಹುಡುಗಿ ಮಂಚದ ಮೇಲೆ ಪ್ಲಾಸ್ಟರ್ ಕಾಲು ಚಾಚಿ ಕೂತಿದ್ದಳು. ಹೇಳಿಬಿಡಬೇಕು ಎಂದೇ ಹೋಗಿದ್ದೆ. ಬಸ್ಸಿನಲ್ಲಿ ಮಾತು ಜೋಡಿಸಿಕೊಂಡಿದ್ದೆ. ಅವತ್ತು ನಾನು ಮೈದಾನ ನೋಡಿರಲಿಲ್ಲ, ನಮ್ಮ ಮನೆಯ ಸೋಫಾದ ಮೇಲೆ ಕೂತು ಸುಳ್ಳು ಹೇಳಿದೆ ಎಂದು.

ನಾನು ಬಾಯಿ ತೆಗೆಯುವ ಮುಂಚೆ ಅವಳೇ ತಲೆ ತಗ್ಗಿಸಿ ಹೇಳಿದಳು.

"ಸಾರಿ ಅಕ್ಕ. ಅಷ್ಟ್ ದೊಡ್ಡ್ ಗ್ರೌಂಡು. ನೀವ್ ನೋಡಿದ್ಮೇಲೂ ಎಲ್ಲೋ ಒಂದ್ ಕಣ್ ತಪ್ಪುತ್ತೆ. ನಾನ್ ನೋಡ್ಕೊಂಡ್ ಓಡ್ಬೇಕಿತ್ತು. ನನ್ನಿಂದ ನೀವ್ ಕೆಲ್ಸ ಬೇರೆ ಬಿಟ್ರಿ. ಬೇಜಾರ್ ಮಾಡ್ಕೋಬೇಡಿ."

ನಾನು ಅವಳ ತಲೆ ಸವರಿದೆ. "ಪರ್ವಾಗಿಲ್ಲ ಬಿಡು, ಹೋಗ್ಲಿ" ಅಂದೆ. ಅವಳ ಮುಖ ಹಗುರಾಯಿತು. ಅವಳ ಅಪ್ಪ ತಂದುಕೊಟ್ಟ ಕಾಫಿ ಕುಡಿದೆ. ಅವಳನ್ನು ಕ್ಷಮಿಸಿ ಮನೆಗೆ ಬಂದೆ.